ಎಚ್ಚರಿಕೆ ಬಂದ ದಿನವೇ ಉತ್ತರ ಬರೆಯಿರಿ

ಬ್ರೆಜಿಲ್‌ನಲ್ಲಿ ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ‘ಗುಲಾಬಿ ಅಕ್ಟೋಬರ್’ ಶುರುವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಬಳಕೆದಾರರೊಬ್ಬರು ಎಂಟು ಫೋಟೊಗಳನ್ನು ಜೋಡಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಕಾಯಿಲೆಯ ಲಕ್ಷಣಗಳು ಹೇಗೆ ಕಾಣಿಸುತ್ತವೆ ಎಂದು ತೋರಿಸುವ ಫೋಟೊಗಳು ಅವು. ಉದ್ದೇಶ ಏನೆಂಬುದನ್ನು ಪೋರ್ಚುಗೀಸ್ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಐದು ಫೋಟೊಗಳಲ್ಲಿ ಸ್ತನದ ತೊಟ್ಟು ಕಾಣುತ್ತಿತ್ತು. ತಪಾಸಣೆ ಮಾಡುವ ಯಂತ್ರ ಅದನ್ನು ನಗ್ನತೆ ಎಂದು ತೀರ್ಮಾನಿಸಿ ಪೋಸ್ಟನ್ನು ತೆಗೆದುಹಾಕಿತು. ಜೊತೆಗಿದ್ದ ಬರಹವನ್ನು ಅದು ಗುರುತಿಸಲೇ ಇಲ್ಲ. ಸ್ತನ ಕ್ಯಾನ್ಸರ್ ಜಾಗೃತಿಗಾಗಿ ಇಂಥ ಚಿತ್ರ ಹಾಕಬಹುದು ಎಂದು ಕಂಪನಿಯ ನಿಯಮದಲ್ಲೇ ಇತ್ತು.

ಆ ಬಳಕೆದಾರರು ಸುಮ್ಮನಾಗಲಿಲ್ಲ. ಮೊದಲು ಕಂಪನಿಗೆ, ಆಮೇಲೆ ಅದೇ ವರ್ಷ ಅರ್ಜಿ ಸ್ವೀಕರಿಸಲು ಶುರುಮಾಡಿದ್ದ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ತೀರ್ಮಾನಗಳನ್ನು ಮರುಪರಿಶೀಲಿಸುವ ಓವರ್‌ಸೈಟ್ ಬೋರ್ಡ್‌ಗೆ ಮೇಲ್ಮನವಿ ಸಲ್ಲಿಸಿದರು. ಬೋರ್ಡ್ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಕಂಪನಿ ತಪ್ಪಾಗಿದೆ ಎಂದು ಒಪ್ಪಿ ಪೋಸ್ಟನ್ನು ವಾಪಸ್ ಹಾಕಿತು. ಹಾಗಿದ್ದ ಮೇಲೆ ತೀರ್ಪಿನ ಅಗತ್ಯವೇನು ಎಂದೂ ವಾದಿಸಿತು. ಬೋರ್ಡ್ ಅದಕ್ಕೆ ಒಪ್ಪಲಿಲ್ಲ. 2021ರ ಜನವರಿಯಲ್ಲಿ ಬಂದ ಅದರ ಮೊದಲ ಕಂತಿನ ತೀರ್ಪುಗಳಲ್ಲಿ ಇದೂ ಒಂದು. ಯಂತ್ರ ತೀರ್ಮಾನ ಮಾಡಿದ್ದರೆ ಅದನ್ನು ಬಳಕೆದಾರರಿಗೆ ತಿಳಿಸಿ, ಮನುಷ್ಯರ ಮುಂದೆ ಮೇಲ್ಮನವಿ ಹೋಗುವ ದಾರಿ ಇಡಿ ಎಂದು ಬೋರ್ಡ್ ಶಿಫಾರಸು ಮಾಡಿತು. ಒಬ್ಬರು ‘ಇದು ಸರಿಯಲ್ಲ’ ಎಂದು ಬರೆದು ಕೇಳಿದ್ದಕ್ಕೆ ಇಷ್ಟೆಲ್ಲ ನಡೆಯಿತು.

ನಮ್ಮಲ್ಲಿ ಹೆಚ್ಚಿನವರು ಹಾಗೆ ಬರೆಯುವುದಿಲ್ಲ. ‘ನಿಮ್ಮ ಬರಹ ನಿಯಮಗಳಿಗೆ ವಿರುದ್ಧವಾಗಿದೆ, ಇದು ಎಚ್ಚರಿಕೆ’ ಎಂಬ ಒಂದು ಸಾಲು ಫೋನಿನಲ್ಲಿ ಕಂಡಾಗ ನಾವು ಮಾಡುವುದು ಎರಡರಲ್ಲಿ ಒಂದು. ಅವಮಾನ ನುಂಗಿಕೊಂಡು ಮಾತು ನಿಲ್ಲಿಸುತ್ತೇವೆ, ಇಲ್ಲವೇ ಸಿಟ್ಟಿನಲ್ಲಿ ಎಲ್ಲರೆದುರು ಜಗಳಕ್ಕೆ ನಿಲ್ಲುತ್ತೇವೆ. ಮೊದಲನೆಯದು ತಪ್ಪು ಎಚ್ಚರಿಕೆಯನ್ನು ಹಾಗೇ ಉಳಿಸುತ್ತದೆ. ಎರಡನೆಯದು ಅದನ್ನು ಸರಿ ಎಂದು ಸಾಬೀತು ಮಾಡುತ್ತದೆ. ಮೂರನೆಯ ದಾರಿಯೊಂದಿದೆ. ಶಾಂತವಾಗಿ, ಲಿಖಿತವಾಗಿ, ಕಾರಣ ಕೊಟ್ಟು ಆಕ್ಷೇಪ ಸಲ್ಲಿಸುವುದು. ಇದು ಉದ್ಧಟತನವಲ್ಲ, ಗುಂಪಿಗೆ ಮಾಡುವ ದ್ರೋಹವೂ ಅಲ್ಲ. ಗುಂಪಿನ ನಿಯಮಗಳನ್ನು ಗಂಭೀರವಾಗಿ ತೆಗೆದುಕೊಂಡವರು ಮಾತ್ರ ಮಾಡಬಲ್ಲ ಕೆಲಸ ಇದು.

‘ಬರೀ ಎಚ್ಚರಿಕೆ ತಾನೇ, ಶಿಕ್ಷೆಯೇನೂ ಆಗಿಲ್ಲವಲ್ಲ’ ಎಂದು ಹಲವರು ಕೇಳುತ್ತಾರೆ. ಎಚ್ಚರಿಕೆ ಅಲ್ಲಿಗೇ ಮುಗಿಯುವುದಿಲ್ಲ ಎಂಬುದು ಅದಕ್ಕೆ ಉತ್ತರ. ಯೂಟ್ಯೂಬ್‌ನ ವ್ಯವಸ್ಥೆಯನ್ನೇ ನೋಡಿ. ಸಾಮಾನ್ಯವಾಗಿ ಮೊದಲ ಉಲ್ಲಂಘನೆಗೆ ಎಚ್ಚರಿಕೆ. ಅದರ ನಂತರದ್ದಕ್ಕೆ ‘ಸ್ಟ್ರೈಕ್’: ಮೊದಲ ಸ್ಟ್ರೈಕ್‌ಗೆ ಒಂದು ವಾರ ವಿಡಿಯೊ ಹಾಕುವಂತಿಲ್ಲ, ಎರಡನೆಯದಕ್ಕೆ ಎರಡು ವಾರ. 90 ದಿನಗಳ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಇಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲೂ ಎಚ್ಚರಿಕೆಗೆ ನಾಲ್ಕು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನ ಸಂದೇಶ, ಸಂಪಾದಕರು ತಿಳಿಯದೆ ಮಾಡಿರಬಹುದು ಎಂಬ ನಂಬಿಕೆಯಿಂದ ಮಾತಾಡುತ್ತದೆ. ನಾಲ್ಕನೆಯದು ಕೊನೆಯ ಎಚ್ಚರಿಕೆ, ಆಮೇಲೆ ತಡೆ. ಮುಂದಿನ ಪ್ರತಿ ತೀರ್ಮಾನವೂ ಹಿಂದಿನ ಎಚ್ಚರಿಕೆಯ ಮೇಲೆ ನಿಂತಿರುತ್ತದೆ. ‘ಇವರಿಗೆ ಈಗಾಗಲೇ ಎರಡು ಸಲ ಹೇಳಿದ್ದೇವೆ’ ಎಂಬ ಮಾತಿನ ಮುಂದೆ ಮೂರನೆಯ ಸಲದ ವಾದಕ್ಕೆ ಕಿಮ್ಮತ್ತು ಸಿಗುವುದು ಕಷ್ಟ. ಮೊದಲ ಎಚ್ಚರಿಕೆಯೇ ತಪ್ಪಾಗಿತ್ತು ಎಂದು ಗುಂಪಿನಿಂದ ಹೊರಹಾಕಿದ ಮೇಲೆ ಹೇಳಿದರೆ ‘ಆಗೇಕೆ ಸುಮ್ಮನಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಿಷಯ ಸಣ್ಣದಿರುವಾಗಲೇ, ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು.

ಅಧಿಕಾರದಲ್ಲಿರುವವರಿಗೆ ಎದುರುತ್ತರ ಕೊಟ್ಟದ್ದಕ್ಕೇ ಶಿಕ್ಷೆ ಅನುಭವಿಸಿದವರ ಕತೆ ಹಳೆಯದು. 1717ರಲ್ಲಿ ಇಂಗ್ಲೆಂಡಿನ ದೊರೆ ಕೇಂಬ್ರಿಜ್‌ಗೆ ಬಂದಾಗ ಹಲವರಿಗೆ ದೇವತಾಶಾಸ್ತ್ರದ ಡಾಕ್ಟರ್ ಪದವಿ ಕೊಡಲಾಯಿತು. ಅಲ್ಲಿನ ದೊಡ್ಡ ವಿದ್ವಾಂಸ ರಿಚರ್ಡ್ ಬೆಂಟ್ಲಿ ತಲಾ ನಾಲ್ಕು ಗಿನಿ ಶುಲ್ಕ ಕೇಳಿದರು. ಕೊಟ್ಟವರೊಬ್ಬರು ಹಣ ವಾಪಸ್ ಬೇಕೆಂದು ವಿಶ್ವವಿದ್ಯಾಲಯದ ಕುಲಪತಿ ನ್ಯಾಯಾಲಯಕ್ಕೆ ಹೋದರು. ಸಮನ್ಸ್ ತಂದವನ ಮುಂದೆ ಬೆಂಟ್ಲಿ, ಆ ನ್ಯಾಯಾಲಯಕ್ಕೆ ಈ ಅಧಿಕಾರವಿಲ್ಲ, ಅದು ನಡೆದುಕೊಂಡದ್ದು ಮೂರ್ಖತನ ಎಂದುಬಿಟ್ಟರು. ಅಷ್ಟಕ್ಕೆ, ಅವರನ್ನು ಕರೆದು ಕೇಳದೆಯೇ, 1718ರಲ್ಲಿ ವಿಶ್ವವಿದ್ಯಾಲಯ ಅವರ ಪದವಿಗಳನ್ನು ಕಿತ್ತುಕೊಂಡಿತು. ಬೆಂಟ್ಲಿ ಕಿಂಗ್ಸ್ ಬೆಂಚ್ ನ್ಯಾಯಾಲಯಕ್ಕೆ ಹೋದರು. ಅವರ ಮಾತು ಸಭ್ಯವಾಗಿತ್ತು ಎಂದು ಯಾರೂ ಹೇಳಲಿಲ್ಲ. ಆದರೂ ಒಬ್ಬನ ಮಾತು ಕೇಳದೆ ಅವನಿಗೆ ಶಿಕ್ಷೆ ಕೊಡುವಂತಿಲ್ಲ ಎಂದು ನ್ಯಾಯಾಲಯ ಪದವಿಗಳನ್ನು ಮರಳಿ ಕೊಡಿಸಿತು. ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಅಂದು ಬೈಬಲ್ಲಿನ ಆದಮನನ್ನು ನೆನೆದರು. ಹಣ್ಣು ತಿಂದ ಆದಮನಿಗೂ ದೇವರು ಮೊದಲು ಪ್ರಶ್ನೆ ಕೇಳಿ, ಉತ್ತರಕ್ಕೆ ಅವಕಾಶ ಕೊಟ್ಟ ಮೇಲೆಯೇ ಶಿಕ್ಷೆ ವಿಧಿಸಿದನಲ್ಲವೇ ಎಂಬುದು ಅವರ ವಾದ. 1723ರ ಪ್ರಕರಣವೆಂದು ದಾಖಲಾಗಿರುವ ಇದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ನಮ್ಮ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಂಡಿತು. ಕಾರಣವೇನು ಎಂದು ಕೇಳಿದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳಲಾಗದು ಎಂಬ ಉತ್ತರ ಬಂತು. 1978ರ ಜನವರಿ 25ರ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕಾಯ್ದೆಯಲ್ಲಿ ಬರೆದಿಲ್ಲದಿದ್ದರೂ ವ್ಯಕ್ತಿಯ ಮಾತು ಕೇಳುವ ಕರ್ತವ್ಯ ಇದ್ದೇ ಇದೆ ಎಂಬ ತತ್ವವನ್ನು ಗಟ್ಟಿಮಾಡಿತು. ಅದಕ್ಕೂ ಮೊದಲು, 1969ರ ಕ್ರೈಪಾಕ್ ಪ್ರಕರಣದಲ್ಲಿ, ತನ್ನದೇ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬ ಇನ್ನೊಂದು ತತ್ವಕ್ಕೆ ಬಲ ಬಂದಿತ್ತು. ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ ಕುಳಿತಿದ್ದ ಅಧಿಕಾರಿಯೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಪಕ್ಕಕ್ಕೆ ಸರಿದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ಆ ಇಡೀ ಆಯ್ಕೆಯನ್ನೇ ಕೋರ್ಟ್ ರದ್ದುಪಡಿಸಿತು.

ಈ ಪ್ರಕರಣಗಳಿಂದ ನಮಗೆ ಬೇಕಾದ ಮೂರು ಬೇಡಿಕೆಗಳು ಸಿಗುತ್ತವೆ. ಏನು ತಪ್ಪು ಎಂದು ಹೇಳಿ. ನನ್ನ ಮಾತನ್ನೂ ಕೇಳಿ. ತೀರ್ಮಾನ ಮಾಡಿದವರಲ್ಲದೆ ಬೇರೆಯವರೂ ಒಮ್ಮೆ ನೋಡಲಿ. ಇವುಗಳ ಬುಡದಲ್ಲಿರುವ ತತ್ವವನ್ನು ಕೋರ್ಟುಗಳು ಸಹಜ ನ್ಯಾಯ ಎನ್ನುತ್ತವೆ. ಪಾಸ್‌ಪೋರ್ಟಿಗೂ ಪದವಿಗೂ ಬೇಕಾದ ಈ ನ್ಯಾಯ, ಸಾವಿರ ಜನ ಕೂಡಿ ಮಾತಾಡುವ ಆನ್‌ಲೈನ್ ಬಳಗಕ್ಕೆ ಬೇಡವೇ?

ದೊಡ್ಡ ವೇದಿಕೆಗಳ ಮಟ್ಟಿಗೆ ಬೇಕು ಎಂದು ಈಗ ಕಾನೂನೇ ಹೇಳುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ವಿವರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಯಮಗಳು ಬಂದಾಗ, ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು ಎಂದು ಗಡುವು ಹಾಕಲಾಯಿತು. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ವೇದಿಕೆಗಳಿಗೆ ಇನ್ನೂ ಒಂದು ಕಟ್ಟುಪಾಡು ಇದೆ. ತಾವಾಗಿಯೇ ಯಾರದಾದರೂ ಪೋಸ್ಟ್ ತೆಗೆಯುವಾಗ, ಕಾರಣ ತಿಳಿಸಿ ಅದನ್ನು ಪ್ರಶ್ನಿಸಲು ಸಾಕಷ್ಟು ಅವಕಾಶ ಕೊಡಬೇಕು ಎಂದು ನಾಲ್ಕನೇ ನಿಯಮದ ಎಂಟನೇ ಉಪನಿಯಮ ಹೇಳುತ್ತದೆ. ಈ ಸಾಲು ಇದೆ ಎಂದು ಗೊತ್ತಿರುವವರು ಕಡಿಮೆ, ಬಳಸುವವರು ಇನ್ನೂ ಕಡಿಮೆ.

ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ಮುಂದಿನ ಮೆಟ್ಟಿಲೂ ಇದೆ. 2022ರ ಅಕ್ಟೋಬರ್ ತಿದ್ದುಪಡಿಯಿಂದ ಕುಂದುಕೊರತೆ ಮೇಲ್ಮನವಿ ಸಮಿತಿಗಳು ಹುಟ್ಟಿದವು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಂಥ ಮೂರು ಸಮಿತಿಗಳನ್ನು ರಚಿಸಿತು. ಕುಂದುಕೊರತೆ ಅಧಿಕಾರಿಯ ಉತ್ತರ ಕೈಸೇರಿದ 30 ದಿನಗಳೊಳಗೆ ಅಲ್ಲಿಗೆ ಹೋಗಬಹುದು. ಎಲ್ಲವೂ ಆನ್‌ಲೈನ್‌ನಲ್ಲೇ ನಡೆಯುತ್ತದೆ, ವಕೀಲರ ಮನೆ ಬಾಗಿಲಿಗೆ ಅಲೆಯಬೇಕಿಲ್ಲ. ಸರ್ಕಾರ ನೇಮಿಸಿದ ಸಮಿತಿ ಮಾತಿನ ವಿಷಯದಲ್ಲಿ ತೀರ್ಪು ಕೊಡುವುದು ಸರಿಯೇ ಎಂಬ ಆಕ್ಷೇಪ ಗಂಭೀರವಾದದ್ದು, ಅದರ ಚರ್ಚೆ ನಡೆಯಲೇಬೇಕು. ಆದರೆ ಇರುವ ಬಾಗಿಲನ್ನು ತಟ್ಟದೆ, ಬಾಗಿಲೇ ಇಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಯುರೋಪಿನಲ್ಲಿ ಈ ಹಕ್ಕು ಇನ್ನೂ ಗಟ್ಟಿಯಾಗಿದೆ. 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಡಿಜಿಟಲ್ ಸೇವೆಗಳ ಕಾಯ್ದೆಯಂತೆ, ನಿರ್ಬಂಧ ಹೇರಿದ ವೇದಿಕೆ ಕಾರಣಗಳ ಹೇಳಿಕೆಯನ್ನು ಬಳಕೆದಾರರಿಗೆ ಕೊಡಬೇಕು. ದೂರು ಕೊಡಲು ಕನಿಷ್ಠ ಆರು ತಿಂಗಳ ಕಾಲಾವಕಾಶ ಇರಬೇಕು. ಆ ದೂರನ್ನು ಬರೀ ಯಂತ್ರವೇ ತೀರ್ಮಾನಿಸುವಂತಿಲ್ಲ. ಡಬ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಕುಳಿತು ಕನ್ನಡದಲ್ಲಿ ಬರೆಯುವವರಿಗೂ ಈ ರಕ್ಷಣೆ ಇದೆ.

ಕನ್ನಡದಲ್ಲಿ ಬರೆಯುವವರು ಮೇಲ್ಮನವಿಯ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕಾದ ಕಾರಣವನ್ನು ಇನ್ನೊಂದು ಪ್ರಕರಣ ತೋರಿಸುತ್ತದೆ. 2020ರ ನವೆಂಬರ್‌ನಲ್ಲಿ ಭಾರತದ ಬಳಕೆದಾರರೊಬ್ಬರು ಪಂಜಾಬಿ ಸುದ್ದಿವಾಹಿನಿಯೊಂದರ ವಿಡಿಯೊವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಆಳುವ ಪಕ್ಷ ಮತ್ತು ಆರ್‌ಎಸ್‌ಎಸ್ ಬಗ್ಗೆ ಟೀಕೆ ಇದ್ದ ಪೋಸ್ಟ್ ಅದು. ಒಂದೇ ಒಂದು ದೂರು ಬಂತು. ಅಪಾಯಕಾರಿ ವ್ಯಕ್ತಿಗಳು ಮತ್ತು ಸಂಘಟನೆಗಳ ಕುರಿತ ನಿಯಮದಡಿ ಪೋಸ್ಟನ್ನು ತೆಗೆದರು, ಖಾತೆಯ ಮೇಲೂ ನಿರ್ಬಂಧ ಬಿತ್ತು. ಮೇಲ್ಮನವಿ ಹಾಕಿದರೆ, ಕೋವಿಡ್‌ನಿಂದಾಗಿ ಪರಿಶೀಲಿಸುವ ಸಿಬ್ಬಂದಿ ಕಡಿಮೆ, ನೋಡಲಾಗದು ಎಂಬ ಉತ್ತರ. ಪ್ರಕರಣ ಓವರ್‌ಸೈಟ್ ಬೋರ್ಡ್‌ಗೆ ಹೋದಾಗ ಕಂಪನಿ ತಪ್ಪು ಒಪ್ಪಿ ಪೋಸ್ಟನ್ನು ಮರಳಿಸಿತು. 2021ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನಲ್ಲಿ ಬೋರ್ಡ್ ಗುರುತಿಸಿದ ಒಂದು ಸಂಗತಿ ಎಲ್ಲ ಭಾರತೀಯ ಭಾಷೆಯವರೂ ಗಮನಿಸಬೇಕಾದದ್ದು. ಬಳಕೆದಾರರು ಪಾಲಿಸಬೇಕಾದ ನಿಯಮಗಳೇ ಆಗ ಪಂಜಾಬಿಯಲ್ಲಿ ಲಭ್ಯವಿರಲಿಲ್ಲ. ಕೋಟ್ಯಂತರ ಜನ ಆಡುವ ಭಾಷೆಯಲ್ಲಿ ನಿಯಮಪುಸ್ತಕ ಇಲ್ಲದೆ, ಆ ಭಾಷೆಯಲ್ಲಿ ಬರೆದವರಿಗೆ ಉಲ್ಲಂಘನೆಯ ಎಚ್ಚರಿಕೆ ಹೋಗುತ್ತಿತ್ತು.

ಸರ್ಕಾರವೇ ತಡೆಯಲು ಹೇಳಿದಾಗ ಬರೆದವರಿಗೆ ತಿಳಿಸಬೇಕೇ ಎಂಬ ಪ್ರಶ್ನೆ ಬೆಂಗಳೂರಿನಲ್ಲೇ ವಾದಕ್ಕೆ ಬಂದಿತ್ತು. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟ್‌ಗೆ ಹೋದಾಗ, ಖಾತೆದಾರರಿಗೆ ನೋಟಿಸ್ ಹೋಗಿಲ್ಲ ಎಂಬುದೂ ಅದರ ವಾದವಾಗಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿಯನ್ನು ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿತು. ಕಂಪನಿಯ ಅರ್ಜಿ ಏನಾಯಿತು ಎಂಬುದು ಒಂದು ವಿಷಯ. ತನ್ನ ಮಾತು ಯಾಕೆ ಕಾಣೆಯಾಯಿತು ಎಂದು ಸಾಮಾನ್ಯ ಬಳಕೆದಾರರಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಬೇರೆಯೇ. ಅದು ಇನ್ನೂ ಉತ್ತರ ಕೇಳುತ್ತಿದೆ.

ಇಷ್ಟೆಲ್ಲ ಕಾನೂನು ಇದ್ದರೂ ನಮ್ಮ ದಿನನಿತ್ಯದ ಮಾತುಕತೆ ನಡೆಯುವ ಜಾಗಕ್ಕೆ ಅದು ತಲುಪುವುದಿಲ್ಲ. ಬಡಾವಣೆಯ ಗುಂಪು, ಶಾಲೆಯ ಪೋಷಕರ ಗುಂಪು, ಕೃಷಿಕರ ಬಳಗ, ಸಾಹಿತ್ಯಾಸಕ್ತರ ಕೂಟ, ಇವುಗಳನ್ನು ನಡೆಸುವವರು ಸಂಬಳವಿಲ್ಲದೆ ದುಡಿಯುವ ನಮ್ಮಂಥವರೇ. ಅಡ್ಮಿನ್ ಎಚ್ಚರಿಕೆ ಕೊಟ್ಟರೆ ಅದರ ಮೇಲೆ ಸಮಿತಿಗೆ ಮೇಲ್ಮನವಿ ಹೋಗುವಂತಿಲ್ಲ. ಇಲ್ಲಿ ನ್ಯಾಯ ಉಳಿಯಬೇಕಾದರೆ ಅದು ಎರಡೂ ಕಡೆಯವರ ನಡತೆಯಲ್ಲೇ ಉಳಿಯಬೇಕು.

ಅಡ್ಮಿನ್‌ಗಳ ಕಷ್ಟವನ್ನೂ ಅರ್ಥಮಾಡಿಕೊಳ್ಳಬೇಕು. ದಿನದ ಕೆಲಸ ಮುಗಿಸಿ ರಾತ್ರಿ ಫೋನ್ ತೆಗೆದರೆ ಮುನ್ನೂರು ಸಂದೇಶ, ಅದರ ನಡುವೆ ಖಾಸಗಿಯಾಗಿ ಬಂದ ಮೂರು ದೂರು. ಪೂರ್ತಿ ಚರ್ಚೆ ಓದುವ ಪುರುಸೊತ್ತಿಲ್ಲ. ‘ಗುಂಪಿನಲ್ಲಿ ಯಾರೋ ಹಾಕಿದ ಸಂದೇಶಕ್ಕೆ ನನ್ನ ಮೇಲೆ ಕೇಸಾದರೆ?’ ಎಂಬ ಭಯ ಬೇರೆ. ಈ ಭಯದ ವಿಷಯದಲ್ಲಿ ಎರಡು ತೀರ್ಪುಗಳು ಧೈರ್ಯ ಕೊಡುತ್ತವೆ. ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡುವಂತಿಲ್ಲ ಎಂದಿವೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಅಡ್ಮಿನ್ ಕೈಯಲ್ಲಿದೆ, ಅವರು ಏನು ಬರೆಯುತ್ತಾರೆ ಎಂಬುದನ್ನು ಮೊದಲೇ ತಡೆಯುವುದು ಅವರ ಕೈಯಲ್ಲಿಲ್ಲ ಎಂಬುದು ಅಲ್ಲಿನ ತರ್ಕ. ಭಯ ಕಡಿಮೆಯಾದರೆ ಆತುರದ ಎಚ್ಚರಿಕೆಗಳೂ ಕಡಿಮೆಯಾದಾವು.

ಈಗ ಒಂದು ಎಚ್ಚರಿಕೆಯನ್ನು ಹತ್ತಿರದಿಂದ ನೋಡೋಣ. ಇದು ಉದಾಹರಣೆಗಾಗಿ ಕಟ್ಟಿದ್ದು, ಆದರೆ ಇಂಥದ್ದನ್ನು ನೋಡದವರು ಇರಲಾರರು. ಒಂದು ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರಿನ ಖರ್ಚು ಏರಿತು, ಸಮಿತಿ ಎಲ್ಲ ಮನೆಗಳ ಮೇಂಟೆನೆನ್ಸ್ ಹೆಚ್ಚಿಸಿತು. ಸದಸ್ಯರೊಬ್ಬರು ಗುಂಪಿನಲ್ಲಿ ಬರೆದರು: ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಇದು. ನೀರು ಸೋರುತ್ತಿರುವುದು ಬಿ ಬ್ಲಾಕ್‌ನ ಸಂಪಿನಲ್ಲಿ. ಮೊದಲು ಅದನ್ನು ರಿಪೇರಿ ಮಾಡಿಸಿ.’ ಅರ್ಧ ಗಂಟೆಯಲ್ಲಿ ಅಡ್ಮಿನ್ ಸಂದೇಶ ಬಂತು: ‘ಸದಸ್ಯರನ್ನು ಪ್ರಾಣಿಗಳಿಗೆ ಹೋಲಿಸಿದ್ದೀರಿ. ಇದು ಮೊದಲ ಎಚ್ಚರಿಕೆ. ಇನ್ನೊಮ್ಮೆ ಹೀಗಾದರೆ ಗುಂಪಿನಿಂದ ತೆಗೆಯಲಾಗುವುದು.’

ಸಿಟ್ಟಿನಲ್ಲಿ ಬರುವ ಉತ್ತರ ಹೀಗಿರುತ್ತದೆ: ‘ನಿಮಗೆ ಗಾದೆಯೂ ಅರ್ಥವಾಗುವುದಿಲ್ಲವೇ? ನಿಮ್ಮ ಕಡೆಯವರು ಏನು ಬರೆದರೂ ನಡೆಯುತ್ತದೆ, ನಾವು ಬಾಯಿ ಬಿಟ್ಟರೆ ಎಚ್ಚರಿಕೆ.’ ಇದರಲ್ಲಿ ಸತ್ಯವೇ ಇರಬಹುದು. ಆದರೆ ಈಗ ನಿಜವಾಗಿಯೂ ವೈಯಕ್ತಿಕ ನಿಂದನೆ ನಡೆದಿದೆ. ಮೊದಲ ಎಚ್ಚರಿಕೆ ತಪ್ಪಾಗಿತ್ತು, ಎರಡನೆಯದಕ್ಕೆ ಈಗ ಆಧಾರ ಸಿಕ್ಕಿತು. ಸಂಪಿನ ಸೋರಿಕೆಯನ್ನಂತೂ ಎಲ್ಲರೂ ಮರೆತರು.

ಅದೇ ಸದಸ್ಯರು ಹೀಗೆ ಬರೆಯಬಹುದಿತ್ತು: ‘ನಮಸ್ಕಾರ ಸರ್. ಇವತ್ತು ಬೆಳಿಗ್ಗೆ ನನಗೆ ಕೊಟ್ಟ ಎಚ್ಚರಿಕೆಯ ಬಗ್ಗೆ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಒಂದು ಗಾದೆ. ತೊಂದರೆ ಒಂದು ಕಡೆ, ಉಪಚಾರ ಇನ್ನೊಂದು ಕಡೆ ಎಂಬ ಅರ್ಥದಲ್ಲಿ ಹೇಳಿದ್ದು, ಯಾವ ಸದಸ್ಯರನ್ನೂ ಕುರಿತು ಅಲ್ಲ. ಮುಂದಿನ ವಾಕ್ಯದಲ್ಲಿ ಸಂಪಿನ ವಿಷಯ ಇದೆ, ದಯವಿಟ್ಟು ಎರಡನ್ನೂ ಸೇರಿಸಿ ಓದಿ. ವೈಯಕ್ತಿಕ ನಿಂದನೆ ಬೇಡ ಎಂದು ನಮ್ಮ ಗುಂಪಿನ ನಿಯಮ ಇದೆ. ಸಮಿತಿಯ ತೀರ್ಮಾನವನ್ನು ಟೀಕಿಸಬಾರದು ಎಂದು ಇಲ್ಲ. ಯಾರಿಗಾದರೂ ಬೇಸರವಾಗಿದ್ದರೆ ಗಾದೆ ತೆಗೆದು ಅದೇ ಮಾತನ್ನು ಬೇರೆ ರೀತಿ ಬರೆಯುತ್ತೇನೆ. ಎಚ್ಚರಿಕೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ನಿಮಗೆ ಇದು ಒಪ್ಪಿಗೆಯಾಗದಿದ್ದರೆ ಇನ್ನೊಬ್ಬ ಅಡ್ಮಿನ್ ಒಮ್ಮೆ ನೋಡಲಿ.’

ಈ ಉತ್ತರದಲ್ಲಿ ಏನೇನಿದೆ ನೋಡಿ. ಯಾವ ಎಚ್ಚರಿಕೆ ಎಂದು ಗುರುತಿಸಿದೆ. ಆಕ್ಷೇಪಕ್ಕೆ ಒಳಗಾದ ಮಾತು, ಅದರ ಸಂದರ್ಭ, ಅನ್ವಯಿಸಿದ ನಿಯಮ, ಮೂರನ್ನೂ ಎದುರು ಇಟ್ಟಿದೆ. ಅಡ್ಮಿನ್ ಯಾಕೆ ಹೀಗೆ ಮಾಡಿದರು ಎಂದು ಅವರ ಮನಸ್ಸನ್ನು ಅಳೆಯಲು ಹೋಗಿಲ್ಲ. ಬೇರೆಯವರು ಬರೆದದ್ದನ್ನು ಎಳೆದು ತಂದಿಲ್ಲ. ಏನು ಬೇಕು ಎಂದು ಸ್ಪಷ್ಟವಾಗಿ ಕೇಳಿದೆ. ಟೀಕೆಯನ್ನು ಬಿಟ್ಟುಕೊಡದೆ, ಹೇಳುವ ರೀತಿಯನ್ನು ಬದಲಿಸಲು ಸಿದ್ಧವಿದೆ. ಕೊನೆಯಲ್ಲಿ ಎರಡನೆಯ ಕಣ್ಣಿಗೆ ದಾರಿ ಮಾಡಿದೆ. ಇದನ್ನು ಮೊದಲು ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸುವುದು ಒಳ್ಳೆಯದು. ಎಲ್ಲರ ಮುಂದೆ ಸೋಲೊಪ್ಪುವುದು ಯಾರಿಗೂ ಕಷ್ಟ, ಖಾಸಗಿಯಾಗಿ ಮನಸ್ಸು ಬದಲಿಸುವುದು ಸುಲಭ. ಎಚ್ಚರಿಕೆಯ ಮತ್ತು ಮೂಲ ಬರಹದ ಸ್ಕ್ರೀನ್‌ಶಾಟ್ ತೆಗೆದಿಡುವುದನ್ನು ಮರೆಯಬೇಡಿ. ಸಂದೇಶ ಅಳಿಸಿಹೋದ ಮೇಲೆ ಉಳಿಯುವುದು ನೆನಪಿನ ಜಗಳ ಮಾತ್ರ.

ಸ್ವಯಂಸೇವಕರೇ ನಡೆಸುವ ಬಳಗದಲ್ಲೂ ಇದನ್ನು ವ್ಯವಸ್ಥೆಯಾಗಿ ಕಟ್ಟಬಹುದು ಎಂಬುದಕ್ಕೆ ವಿಕಿಪೀಡಿಯ ಸಾಕ್ಷಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಡೆಗೆ ಒಳಗಾದ ಸಂಪಾದಕರು ಸಾಮಾನ್ಯವಾಗಿ ತಮ್ಮ ಚರ್ಚಾಪುಟದಲ್ಲಿ ಮಾತ್ರ ಬರೆಯಬಹುದು. ಅಲ್ಲಿ ಮನವಿ ಹಾಕಿದರೆ, ತಡೆ ಹಾಕಿದವರಲ್ಲದ ಬೇರೆ ನಿರ್ವಾಹಕರು ಪರಿಶೀಲಿಸುತ್ತಾರೆ. ನಿಮ್ಮ ನಡೆಯ ಬಗ್ಗೆ ಬರೆಯಿರಿ, ಇತರರ ತಪ್ಪುಗಳ ಬಗ್ಗೆ ಅಲ್ಲ ಎಂದು ಮೇಲ್ಮನವಿ ಬರೆಯುವವರಿಗೆ ಮಾರ್ಗದರ್ಶಿಯೂ ಇದೆ. ಮನವಿ, ಉತ್ತರ ಎರಡೂ ಎಲ್ಲರಿಗೂ ಕಾಣುವಂತೆ ಉಳಿಯುತ್ತವೆ. ಅಲ್ಲಿಯೂ ಜಗಳಗಳಿವೆ, ಅನ್ಯಾಯದ ದೂರುಗಳಿವೆ. ಆದರೆ ದೂರು ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ನಮ್ಮ ಗುಂಪುಗಳ ಅಡ್ಮಿನ್‌ಗಳು ಅಷ್ಟು ದೊಡ್ಡ ವ್ಯವಸ್ಥೆ ಕಟ್ಟಬೇಕಿಲ್ಲ. ಎಚ್ಚರಿಕೆ ಕೊಡುವಾಗ ಯಾವ ವಾಕ್ಯ, ಯಾವ ನಿಯಮ ಎಂದು ಬರೆಯಲಿ. ಒಪ್ಪದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಅದೇ ಸಂದೇಶದಲ್ಲಿ ಸೇರಿಸಲಿ. ಒಬ್ಬ ಅಡ್ಮಿನ್ ಕೊಟ್ಟ ಎಚ್ಚರಿಕೆಯನ್ನು ಇನ್ನೊಬ್ಬರು ಪರಿಶೀಲಿಸಲಿ. ಚರ್ಚೆಯಲ್ಲಿ ತಾವೇ ಒಂದು ಪಕ್ಷವಾಗಿದ್ದರೆ ಎಚ್ಚರಿಕೆ ಕೊಡುವ ಕೆಲಸವನ್ನು ಬೇರೆಯವರಿಗೆ ಬಿಡಲಿ. ಹಳೆಯ ಎಚ್ಚರಿಕೆಗೆ ಒಂದು ಅವಧಿ ಇರಲಿ, ವರ್ಷಗಟ್ಟಲೆ ತಲೆಯ ಮೇಲೆ ತೂಗದಿರಲಿ. ಎಲ್ಲರೆದುರು ಕೊಟ್ಟ ಎಚ್ಚರಿಕೆ ತಪ್ಪೆಂದು ಗೊತ್ತಾದರೆ ಎಲ್ಲರೆದುರೇ ಹಿಂತೆಗೆದುಕೊಳ್ಳಲಿ. ಇದರಿಂದ ಅಡ್ಮಿನ್ ಗೌರವ ತಗ್ಗುವುದಿಲ್ಲ, ಅವರ ಮುಂದಿನ ಎಚ್ಚರಿಕೆಗೆ ತೂಕ ಬರುತ್ತದೆ.

ಎಲ್ಲ ಎಚ್ಚರಿಕೆಯನ್ನೂ ಪ್ರಶ್ನಿಸಬೇಕು ಎಂದು ನಾನು ಹೇಳುತ್ತಿಲ್ಲ. ಬರೆದದ್ದನ್ನು ಸಿಟ್ಟು ಇಳಿದ ಮೇಲೆ ಓದಿದಾಗ ಎದುರಿನವರ ಜಾತಿ, ರೂಪ, ಮನೆಮಂದಿಯ ಮೇಲೆ ಮಾತು ಹೋಗಿದ್ದು ಕಂಡರೆ, ಅಲ್ಲಿ ಮೇಲ್ಮನವಿಗೆ ಜಾಗವಿಲ್ಲ, ಕ್ಷಮೆಗೆ ಮಾತ್ರ ಜಾಗ. ಆಕ್ಷೇಪದ ದಾರಿಯನ್ನು ಕಾಲಹರಣದ ಉಪಾಯ ಮಾಡಿಕೊಂಡು ಅಡ್ಮಿನ್‌ಗಳನ್ನು ದಣಿಸುವವರೂ ಇದ್ದಾರೆ. ಅವರಿಂದ ಹಾನಿಯಾಗುವುದು ನಿಜವಾದ ದೂರು ಇರುವವರಿಗೆ. ಒಮ್ಮೆ ಆಕ್ಷೇಪಿಸಿ, ಎರಡನೆಯವರೂ ನೋಡಿ ಎಚ್ಚರಿಕೆ ಸರಿ ಎಂದರೆ, ಒಪ್ಪಿಗೆಯಿಲ್ಲ ಎಂದು ದಾಖಲಿಸಿ ಮುಂದೆ ಸಾಗಬೇಕು. ನ್ಯಾಯಯುತವಾಗಿ ಕೇಳಿಸಿಕೊಳ್ಳುವ ಹಕ್ಕು ನಮಗಿದೆ. ಗೆದ್ದೇ ತೀರಬೇಕು ಎಂಬ ಹಕ್ಕು ಯಾರಿಗೂ ಇಲ್ಲ.

ಆದರೆ ನನ್ನನ್ನು ಕಾಡುವವರು ಹೆಚ್ಚು ಪ್ರಶ್ನಿಸುವವರಲ್ಲ, ಪ್ರಶ್ನಿಸದೆ ಹೊರಟುಹೋಗುವವರು. ಒಗ್ಗಟ್ಟಾಗಿ ದೂರು ಕೊಟ್ಟು ಒಬ್ಬರ ಬಾಯಿ ಮುಚ್ಚಿಸುವುದು ಈಗ ಎಲ್ಲರಿಗೂ ಗೊತ್ತಿರುವ ತಂತ್ರ. ಅದಕ್ಕೆ ಸುಲಭವಾಗಿ ಸಿಗುವವರು ಗುಂಪಿನಲ್ಲಿ ಒಂಟಿಯಾಗಿರುವವರು: ಹೊಸದಾಗಿ ಸೇರಿದವರು, ಬಹುಮತದ ಅಭಿಪ್ರಾಯಕ್ಕೆ ವಿರುದ್ಧ ಮಾತಾಡಿದ ಹೆಣ್ಣುಮಗಳು, ಇಂಗ್ಲಿಷಿನಲ್ಲಿ ಅಥವಾ ಪೇಟೆಯ ಭಾಷೆಯಲ್ಲಿ ನಯವಾಗಿ ಬರೆಯಲು ಬಾರದವರು. ಒಂದು ಎಚ್ಚರಿಕೆ ಬಂದ ಮೇಲೆ ಅವರು ಬರೆಯುವುದನ್ನು ನಿಲ್ಲಿಸುತ್ತಾರೆ. ಗುಂಪಿನ ಲೆಕ್ಕದಲ್ಲಿ ಸದಸ್ಯರ ಸಂಖ್ಯೆ ಅಷ್ಟೇ ಇರುತ್ತದೆ, ಮಾತಾಡುವವರು ಮಾತ್ರ ಕಡಿಮೆಯಾಗುತ್ತಾರೆ. ಅಂಥ ಎಚ್ಚರಿಕೆ ಇನ್ನೊಬ್ಬರಿಗೆ ಬಂದದ್ದನ್ನು ಕಂಡಾಗ, ‘ನಾನು ಪೂರ್ತಿ ಓದಿದೆ, ನಿಂದನೆ ನನಗೆ ಕಾಣಲಿಲ್ಲ’ ಎಂದು ಒಂದು ಸಾಲು ಅಡ್ಮಿನ್‌ಗೆ ಬರೆಯುವುದು ಉಳಿದ ಸದಸ್ಯರ ಕೆಲಸ. ಒಂಟಿ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭ, ಸಾಕ್ಷಿಯಿದ್ದರೆ ಅಷ್ಟು ಸುಲಭವಲ್ಲ.

ನಿಯಮದಲ್ಲಿ ಬರೆದಿರುವ ‘ಸಭ್ಯತೆ’, ‘ನಿಂದನೆ’, ‘ವಿಷಯಾಂತರ’ ಎಂಬ ಮಾತುಗಳಿಗೆ ಗಡಿ ಎಲ್ಲಿ ಎಂದು ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರು ಎಚ್ಚರಿಕೆ ಕೊಟ್ಟು, ಇನ್ನೊಬ್ಬರು ಕಾರಣ ಸಹಿತ ಪ್ರಶ್ನಿಸಿ, ಮೂರನೆಯವರು ಯೋಚಿಸಿ ಹೇಳಿದಾಗ ಆ ಗಡಿ ನಿಧಾನವಾಗಿ ಸ್ಪಷ್ಟವಾಗುತ್ತದೆ. ನಿಮ್ಮ ಆಕ್ಷೇಪ ಗೆದ್ದರೆ ನಿಮ್ಮ ಹೆಸರು ಸರಿಹೋಗುತ್ತದೆ. ಸೋತರೂ ಮುಂದಿನವರಿಗೆ ಗಡಿ ಎಲ್ಲಿದೆ ಎಂದು ತಿಳಿಯುತ್ತದೆ. ಆದ್ದರಿಂದ ಎಚ್ಚರಿಕೆ ಬಂದರೆ ಬೇಸರಪಟ್ಟು ಗುಂಪು ಬಿಡಬೇಡಿ. ಮೂಲ ಬರಹವನ್ನು ಇನ್ನೊಮ್ಮೆ ಓದಿ, ನಿಯಮವನ್ನು ಓದಿ, ಸಿಟ್ಟು ಇಳಿದ ಮೇಲೆ ಅದೇ ದಿನ ಉತ್ತರ ಬರೆಯಿರಿ.